ಕೆಟ್ಟ ಕಾಯಿ ಕೇಳದ ಯಂತ್ರ

ಒಳ್ಳೆಯ ಕಾಯಿ ತಂದುಕೊಡಿ ಎಂದು ಕೇಳಿದವಳು ನಾನೇ. ಆಮೇಲೆ ಯಾರ ಯಾರ ಮೇಲೋ ಹಾರಾಡಿದೆ, ಕೂಗಾಡಿದೆ. ಆದರೆ ಆ ಮಾತು ಹೊರಟದ್ದು ನನ್ನ ಬಾಯಿಂದ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮಿಕ್ಕದ್ದನ್ನು ಹೇಳುವುದು ಸುಲಭ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ತುಮಕೂರಿನ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಮನೆಯವರು ಗುಬ್ಬಿ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರು. ನಮ್ಮ ಕ್ವಾರ್ಟರ್ಸಿನ ಹಿಂದೆಯೇ ಒಂದು ಕಾಯಿ ಮಂಡಿ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರು ತೆಂಗಿನಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಬೇಕು, ತಿರುಳು ಒಣಗಬೇಕು, ಕರಟದಿಂದ ಬಿಟ್ಟುಕೊಂಡು ಉಂಡೆಯಾಗಿ ಉರುಳಾಡಬೇಕು. ಬಿಟ್ಟುಕೊಳ್ಳುವ ಮೊದಲೇ ಒಡೆದರೆ ತಿರುಳು ಚೂರು ಚೂರಾಗಿ ಬರುತ್ತದೆ, ವರ್ಷವಿಡೀ ಕಾದದ್ದು ಮಣ್ಣುಪಾಲು. ಒಡೆಯದೆ ಒಳಗಿನದ್ದು ತಿಳಿಯಬೇಕಾದರೆ ಕುಲುಕಿಯೇ ನೋಡಬೇಕು.

ಆ ಮಂಡಿಯಲ್ಲಿ ಕಾಯಿ ಕುಲುಕುವ ಒಬ್ಬ ತಾತ ಇದ್ದರು. ಗೋಣಿಚೀಲದ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡು ಕೂತರೆ ಊಟದ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಎರಡು ಕೈಗೆ ಎರಡು ಕಾಯಿ, ಒಂದೇ ಒಂದು ಸಲ ಕುಲುಕು. ಆದದ್ದು ಬಲಗಡೆಗೆ, ಆಗದ್ದು ಎಡಗಡೆಗೆ. ಅಪರೂಪಕ್ಕೊಂದು ಬೆನ್ನ ಹಿಂದಕ್ಕೂ ಹೋಗುತ್ತಿತ್ತು. ಅದು ಏನು ಎಂದು ಕೇಳಲು ನನಗೆ ತೋಚಲಿಲ್ಲ. ಎಡ ಬಲ ಎರಡೇ ನನ್ನ ತಲೆಯಲ್ಲಿ ಕೂತುಬಿಟ್ಟಿದ್ದವು.

ಒಂದು ಭಾನುವಾರ ಮಂಡಿಯ ಸಾಹುಕಾರರು ನನ್ನ ಎದುರಿಗೇ ಅಂದರು: "ಇಂಥ ಕಿವಿ ಈ ತಾಲ್ಲೂಕಲ್ಲಿ ಇನ್ನೊಂದಿಲ್ಲ ಮೇಡಂ. ತಾತಂಗೆ ವಯಸ್ಸಾಯ್ತಲ್ಲ, ಇವ್ರಾದ್ಮೇಲೆ ನಮ್ ಗತಿ ಏನು?"

ಕಿವಿ ತಾನೇ ಬೇಕಾದದ್ದು, ಕಿವಿಯನ್ನು ಮಾಡಬಹುದಲ್ಲ ಎಂದು ನನಗೆ ಅನ್ನಿಸಿತು. ಗ್ರಾಮಫೋನಿನ ಮುಳ್ಳು ಇರುವುದೂ ಕೇಳುವುದಕ್ಕೇ ತಾನೇ? ಆ ರಾತ್ರಿಯ ಅನ್ನಕ್ಕೆ ಉಪ್ಪು ಹಾಕಲು ಮರೆತೆ. ಮನೆಯವರು ತುತ್ತು ನುಂಗಿ, "ಏನಾಯ್ತೇ ನಿಂಗೆ?" ಅಂದರು. ಹೇಳಿದೆ. ನಕ್ಕರು. "ಕಾಯಿ ಕಂಪನಿ ತೆಗೀತೀಯಾ? ತೆಗಿ. ನಮ್ಮೂರಲ್ಲಿ ಏನಿಲ್ಲದಿದ್ರೂ ಕಾಯಿಗೇನ್ ಬರ?" ಅಂದರು. ಆ ಹೆಸರು ಕೊನೆಯವರೆಗೂ ಅಂಟಿಕೊಂಡಿತು.

ಜೊತೆಗೆ ಸಿಕ್ಕವರು ತುಮಕೂರಿನ ರೇಡಿಯೊ ರಿಪೇರಿಯ ಸಾಹೇಬರು. ನಮ್ಮ ಲ್ಯಾಬಿನ ಕೆಟ್ಟ ಆಂಪ್ಲಿಫೈಯರ್‌ಗಳೆಲ್ಲ ಹೋಗುತ್ತಿದ್ದದ್ದು ಅವರ ಅಂಗಡಿಗೇ. ಐವತ್ತು ದಾಟಿದ ಗಟ್ಟಿ ಆಳು, ತುಟಿ ಪೂರಾ ಮುಚ್ಚುವಂಥ ದಪ್ಪ ಮೀಸೆ. ಆ ಮೀಸೆಯ ಮೇಲೆ ಅವರಿಗೆ ಬಹಳ ಅಭಿಮಾನ. ನಾನು ಹೇಳಿದ್ದನ್ನು ಕೇಳಿ ಅವರು ನಗಲಿಲ್ಲ. ಸಾಲ್ಡರಿಂಗ್ ಐರನ್ ಪಕ್ಕಕ್ಕಿಟ್ಟು, "ಅಲ್ಲ ಟೀಚರಮ್ಮ, ಕಾಯಿಗೆ ಕಿವಿ ಕೊಟ್ರೆ ಅದು ಏನೇನ್ ಹೇಳತ್ತೋ ನೋಡೋಣ ನಡೀರಿ," ಅಂದರು. ಇಷ್ಟೇ ನಮ್ಮ ಕಂಪನಿಯ ಶುರು. ಆರು ತಿಂಗಳಲ್ಲಿ ನಾನು ಕೆಲಸಕ್ಕೆ ರಾಜೀನಾಮೆ ಕೊಟ್ಟೆ, ಅವರು ಅಂಗಡಿ ಖಾಲಿ ಮಾಡಿದರು. ಊರ್ಡಿಗೆರೆ ಕಡೆ ಹೋಗುವ ರಸ್ತೆಯಲ್ಲಿ ಒಂದು ತಗಡಿನ ಶೆಡ್ ಹಿಡಿದೆವು. ಹಿಂದಕ್ಕೆ ಹೋಗುವ ದಾರಿಯನ್ನು ಇಬ್ಬರೂ ನಾವೇ ಮುಚ್ಚಿಕೊಂಡೆವು.

ಯಂತ್ರ ಹೀಗಿತ್ತು. ಮರದ ತೊಟ್ಟಿಲು, ಒಳಗೆ ಸೈಕಲ್ ಟ್ಯೂಬಿನ ಮೆತ್ತೆ. ಅದರಲ್ಲಿ ಕಾಯಿ ಕೂರಿಸಿ, ಕೆಳಗೆ ಹೊಲಿಗೆ ಯಂತ್ರದ ಪೆಡಲ್ ತುಳಿದರೆ ತೊಟ್ಟಿಲು ಒಂದೇ ಸಮ ಓಲಾಡುತ್ತದೆ. ಕರೆಂಟನ್ನು ನಂಬುವ ಹಾಗಿರಲಿಲ್ಲವಾದ್ದರಿಂದ ಪೆಡಲ್. ಸಾಹೇಬರ ಹೆಂಡತಿ ತಮ್ಮ ಹಳೆಯ ಹೊಲಿಗೆ ಯಂತ್ರವನ್ನೇ ಬಿಚ್ಚಲು ಕೊಟ್ಟರು. ಗ್ರಾಮಫೋನ್ ಮುಳ್ಳಿನ ಹಿಂದಿರುವ, ಅಲುಗಾಟವನ್ನು ಕರೆಂಟಾಗಿ ಬದಲಿಸುವ ಸಣ್ಣ ಕ್ರಿಸ್ಟಲನ್ನು ಒಂದು ಹಿತ್ತಾಳೆ ಪಟ್ಟಿಗೆ ಕಟ್ಟಿ, ಅದು ಕಾಯಿಯ ಮೈಗೆ ತಾಗುವಂತೆ ಮಾಡಿದೆವು. ಅಲ್ಲಿಂದ ಬ್ಯಾಟರಿಯ ಆಂಪ್ಲಿಫೈಯರ್, ಆಮೇಲೆ ಒಂದು ಸೂಜಿಯ ಮೀಟರು, ಎರಡು ಟಾರ್ಚ್ ಬಲ್ಬು. ಹಸಿರು ಹೊತ್ತಿದರೆ ಕೊಬ್ಬರಿ ಆಗಿದೆ, ಕೆಂಪು ಹೊತ್ತಿದರೆ ಆಗಿಲ್ಲ.

ಮೊದಲ ತಿಂಗಳಿಡೀ ಬರೀ ಗಲಾಟೆ. ಪೆಡಲಿನ ಗುಡುಗುಡು ಸದ್ದೇ ಕಾಯಿಯ ಸದ್ದನ್ನು ನುಂಗಿಬಿಡುತ್ತಿತ್ತು. ಬೆಲ್ಟ್ ಬದಲಾಯಿಸಿದೆವು, ಬೇರಿಂಗಿಗೆ ಎಣ್ಣೆ ಕುಡಿಸಿದೆವು, ತೊಟ್ಟಿಲಿನ ಕೆಳಗೆ ತೆಂಗಿನ ನಾರು ತುರುಕಿದೆವು. ಏನೂ ಆಗಲಿಲ್ಲ. ಕೊನೆಗೆ ಸಾಹೇಬರು ಒಂದು ಚಿಕ್ಕ ಕಂಡೆನ್ಸರ್ ಹಾಕಿ ಕೆಳದನಿಯನ್ನೆಲ್ಲ ಕತ್ತರಿಸಿದರು. ಗುಡುಗುಡು ನಿಂತಿತು. ಉಂಡೆ ಕರಟಕ್ಕೆ ಬಡಿಯುವ ಟಕ್ ಟಕ್ ಮಾತ್ರ ಮೀಟರಿನಲ್ಲಿ ಸ್ಪಷ್ಟವಾಗಿ ಎದ್ದಿತು. ನಾವಿಬ್ಬರೂ ಚಹಾ ತರಿಸಿ ಕುಡಿದೆವು. ಆ ಕಂಡೆನ್ಸರ್ ನನ್ನ ಕಣ್ಣಿಗೆ ಅವತ್ತು ಚಿನ್ನದ ಗುಂಡು.

ಇನ್ನು ಯಂತ್ರಕ್ಕೆ ಪಾಠ ಹೇಳಿಕೊಡಬೇಕಿತ್ತು. ಆದ ಕಾಯಿಗಳು ಬೇಕು, ಆಗದ ಕಾಯಿಗಳು ಬೇಕು, ಎಷ್ಟು ಸದ್ದಿಗೆ ಹಸಿರು ಎಂದು ನಿಲ್ಲಿಸಬೇಕು. ತಾತನ ಹತ್ತಿರ ಹೋದೆ. "ಶೆಡ್ಡಿನ ಪೂಜೆ ಮಾಡಿ ಶುರು ಮಾಡ್ತಿದೀವಿ ತಾತ. ಆದದ್ದು, ಆಗದ್ದು ಎರಡೂ ಬೇಕು. ಒಳ್ಳೇ ಕಾಯಿ ನೋಡಿ ತಂದ್ಕೊಡಿ" ಅಂದೆ.

ತಾತ ನನ್ನ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡರು. ಅವರು ಯಾವಾಗಲೂ ಹಾಗೆಯೇ, ಮುಖದ ಮೇಲಿಂದ ಕಣ್ಣು ಕೀಳುತ್ತಿರಲಿಲ್ಲ. "ಆಯ್ತು ಬುಡವ್ವ. ನಿನ್ ಕೈಗೆ ಒಂದು ಕೆಟ್ಟ ಕಾಯೂ ಬರಾಕಿಲ್ಲ" ಅಂದರು.

ಮಾತಿಗೆ ತಪ್ಪಲಿಲ್ಲ. ವಾರಕ್ಕೊಮ್ಮೆ ಪ್ಯಾಸೆಂಜರ್ ರೈಲಿನಲ್ಲಿ ಎರಡು ಮೂಟೆ ಹಾಕಿಕೊಂಡು ಬರುತ್ತಿದ್ದರು. ಆದದ್ದಕ್ಕೆ ಸುಣ್ಣದ ಬೊಟ್ಟು, ಆಗದ್ದಕ್ಕೆ ಬೊಟ್ಟಿಲ್ಲ. ಪೆಡಲ್ ತುಳಿಯುವವರು ಸಾಹೇಬರು, ಬರೆದುಕೊಳ್ಳುವವಳು ನಾನು. ನಾನೂರು ಕಾಯಿ ಹೀಗೆ ನೋಡಿದೆವು. ಯಂತ್ರಕ್ಕೂ ತಾತನಿಗೂ ಒಂದು ಕಾಯಿಯಷ್ಟೂ ಭೇದ ಬರಲಿಲ್ಲ. ಸಾಹೇಬರಿಗೆ ಒಂದೇ ಬೇಸರ. ಅವರು ಏನು ಮಾತಾಡಿಸಿದರೂ ತಾತ ನನ್ನ ಕಡೆ ತಿರುಗಿ, "ಸಾಬ್ರು ಏನಂದ್ರವ್ವ?" ಎಂದು ಕೇಳುತ್ತಿದ್ದರು. "ನಾನೂ ಕನ್ನಡಾನೇ ತಾನೇ ಮಾತಾಡೋದು? ನನ್ ಮಾತು ಅವ್ರಿಗೆ ಯಾಕ್ ಹಿಡಿಸಲ್ಲ?" ಎಂದು ಸಾಹೇಬರು ಒಂದು ದಿನ ಮುಖ ಸಣ್ಣದು ಮಾಡಿಕೊಂಡರು. ನನಗೂ ತಾತನ ಮೇಲೆ ಸ್ವಲ್ಪ ಸಿಟ್ಟು ಬಂತು, ಆದರೆ ಹೇಳಲಿಲ್ಲ.

ಸಾಹುಕಾರರಿಗೆ ಸುದ್ದಿ ಹೋಯಿತು. ಪರೀಕ್ಷೆಗೆ ಒಂದು ಸೋಮವಾರ ಗೊತ್ತು ಮಾಡಿದರು. ನೂರು ಕಾಯಿ, ಒಂದು ಕಡೆ ತಾತ, ಒಂದು ಕಡೆ ಯಂತ್ರ, ಆಮೇಲೆ ಎಲ್ಲವನ್ನೂ ಒಡೆದು ನೋಡುವುದು. ಗುಬ್ಬಿಯ ಬೇರೆ ಮಂಡಿಯವರನ್ನೂ ಕರೆಯುತ್ತೇನೆ, ಗೆದ್ದರೆ ಎಲ್ಲರೂ ಒಂದೊಂದು ತಗೋತಾರೆ, ಅಂದರು. "ತಾತಾನೂ ಇನ್ ಮನೇಲಿ ಸುಖವಾಗಿರ್ಲಿ" ಎಂದೂ ಸೇರಿಸಿದರು. ಅದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಪರೀಕ್ಷೆಗೆ ಇನ್ನು ಹತ್ತು ದಿನ ಇದ್ದಾಗ ಸಾಹೇಬರು ಬೆಳಿಗ್ಗೆ ಬೆಳಿಗ್ಗೆಯೇ ಒಂದು ಕಾಗದದ ಪೊಟ್ಟಣ ತಂದು ನನ್ನ ಮೇಜಿನ ಮೇಲಿಟ್ಟರು. ಬಿಚ್ಚಿದರೆ ಕಪ್ಪಗೆ ಬೂಷ್ಟು ಹಿಡಿದ, ಒಂದು ಕಡೆ ಕುಗ್ಗಿ ಮುದುರಿದ ಕೊಬ್ಬರಿ. ವಾಸನೆಗೆ ನಾನು ಸೆರಗು ಮೂಗಿಗೆ ಹಿಡಿದೆ.

"ನಮ್ಮನೇಲಿ ಸಾರಿಗೆ ಕೊಬ್ಬರಿ ಬೇಕು ಅಂದ್ರು. ಮನೆಗೆ ತಂದಿಟ್ಟಿದ್ದ ಕಾಯೀನೇ ನಿನ್ನೆ ಹಂಗೇ ತೊಟ್ಟಿಲಿಗೆ ಹಾಕ್ದೆ. ಹಸಿರು ಬಂತು. ಒಡೆದ್ರೆ ಹಿಂಗೆ."

"ತಾತ ಕೊಟ್ಟ ಕಾಯಾ?"

"ಅಲ್ಲ. ಸಂತೇಲಿ ತಂದಿದ್ದು."

ನಾನು ಪುಸ್ತಕ ತೆಗೆದು ನಾನೂರು ಕಾಯಿಯ ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ನೋಡಿದೆ. ಆದದ್ದು, ಆಗದ್ದು, ಆದದ್ದು, ಆಗದ್ದು. ಕೆಟ್ಟದ್ದು ಎಂದು ಒಂದೇ ಒಂದು ಕಡೆಯೂ ಇಲ್ಲ. ನಾನೂರು ಕಾಯಿಯಲ್ಲಿ ಒಂದೂ ಕೊಳೆತದ್ದಿಲ್ಲದ ಅಟ್ಟ ಈ ಭೂಮಿಯ ಮೇಲೆ ಎಲ್ಲಿದೆ? ಕಾಲೇಜಿನಲ್ಲಿ ಮಕ್ಕಳು ಇಂಥ ಲೆಕ್ಕ ಬರೆದುಕೊಂಡು ಬಂದಿದ್ದರೆ ರೆಕಾರ್ಡ್ ಪುಸ್ತಕವನ್ನು ಕಿಟಕಿಯಿಂದ ಎಸೆಯುತ್ತಿದ್ದೆ. ಈಗ ಬರೆದುಕೊಂಡವಳು ನಾನೇ.

ಆ ದಿನವೇ ಗುಬ್ಬಿಗೆ ಹೋದೆ. ತಾತನ ಮುಂದೆ ಕೂತು ಕೇಳಿದೆ. ತಾತನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಹೊಸಾ ಕೆಲ್ಸ ಶುರು ಮಾಡೋರಿಗೆ ಕೆಟ್ಟ ಕಾಯಿ ಕೊಡಕಾಯ್ತದಾ? ನೀನೇ ಹೇಳ್ದೆ, ಒಳ್ಳೇ ಕಾಯಿ ಕೊಡು ಅಂತ. ಮೂಟೆ ಕಟ್ಟೋಕ್ ಮುಂಚೇನೆ ಕೆಟ್ಟದ್ನೆಲ್ಲ ತೆಗೆದು ಬಿಸಾಕ್ದೆ."

"ಯಂತ್ರಕ್ಕೆ ಎಲ್ಲಾ ತರದ್ದೂ ಬೇಕಿತ್ತು ತಾತ!"

"ಹೊಸ ಹೊಸ್ತಿಲಿಗೆ ಕೊಳೆತದ್ದು ನಾನು ತರಾಕಿಲ್ಲ ಕಣವ್ವ. ಬೇಕಾರೆ ಬೈಯಿ."

ಬೈದೆ. ಆಡಬಾರದ ಮಾತೂ ಒಂದೆರಡು ಆಡಿದೆ. ರೈಲಿನಲ್ಲಿ ಶೆಡ್ಡಿಗೆ ಹಿಂದಿರುಗುವಾಗ ನೆನಪಾಯಿತು: ಶೆಡ್ಡಿನ ಪೂಜೆಗೆ ಒಡೆಯುವ ಕಾಯಿಯನ್ನು ನಾನೇ ಅಂಗಡಿಯಲ್ಲಿ ಹತ್ತು ಸಲ ಬೆರಳಲ್ಲಿ ತಟ್ಟಿ, ನೀರು ಕುಲುಕಿ, ಮೂರು ಬದಲಾಯಿಸಿ ತಂದಿದ್ದೆ. ಎಲ್ಲಾದರೂ ಕೆಟ್ಟುಬಿಟ್ಟಿದ್ದರೆ ಎಂಬ ಹೆದರಿಕೆ. ಫಿಸಿಕ್ಸ್ ಪಾಠ ಬೇರೆ, ಹೊಸ್ತಿಲು ಬೇರೆ. ಕೆಟ್ಟ ಕಾಯಿಯನ್ನು ಬರೀ ಕೆಟ್ಟ ಕಾಯಿ ಎಂದು ನೋಡಿದ ಅಡುಗೆಮನೆ ನಮ್ಮ ಕಂಪನಿಯಲ್ಲಿ ಒಂದೇ ಇತ್ತು, ಅದು ಸಾಹೇಬರದ್ದು. ಅವರ ಮನೆಯ ಸಾರು ಕೆಡದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಇನ್ನು ಕೆಟ್ಟ ಕಾಯಿ ಹುಡುಕುವ ಕೆಲಸ. ಒಡೆದದ್ದು ಬೇಡ, ಒಡೆಯದೆ ಕೆಟ್ಟಿರುವುದು ಬೇಕು. ಹೆಬ್ಬೂರಿಗೆ ಬಸ್ಸಿನಲ್ಲಿ ಹೋಗಿ ಒಂದು ಮನೆಯ ಜಗಲಿಯಲ್ಲಿ ಕೂತು, "ನಿಮ್ಮ ಅಟ್ಟದಲ್ಲಿ ಕೊಳೆತ ಕಾಯಿ ಇದ್ರೆ ಕೊಡ್ತೀರಾ?" ಎಂದು ಕೇಳಿದೆ. ಮಜ್ಜಿಗೆ ತಂದುಕೊಟ್ಟಿದ್ದ ಮನೆಯಾಕೆ ಲೋಟವನ್ನು ನನ್ನ ಕೈಯಿಂದ ಕಿತ್ತುಕೊಳ್ಳಲಿಲ್ಲ ಅಷ್ಟೇ. "ನಮ್ಮಟ್ಟದಲ್ಲಿ ಅಂಥವೆಲ್ಲ ಇರಾಕಿಲ್ಲ. ಯಾರವ್ವ ನಿನ್ನ ಕಳಿಸಿದ್ದು?" ಅಂದಳು. ಮದ್ದು ಮಾಟದವಳು ಅಂದುಕೊಂಡಳೋ ಏನೋ. ಹಾಗಲವಾಡಿಯಲ್ಲಿಯೂ ಅದೇ ಕಥೆ. ನಾಲ್ಕು ಮನೆಯಲ್ಲಿ ಕೇಳಿದೆ, ನಾಲ್ಕರಲ್ಲಿಯೂ ಇಲ್ಲ. ಸಾಹೇಬರು ಕುಣಿಗಲ್ಲಿನ ಎಣ್ಣೆ ಗಾಣದ ಪರಿಚಯಸ್ಥರ ಹತ್ತಿರ ಹೋಗಿ ಗೋಗರೆದು ಏಳು ಕಾಯಿ ತಂದರು. ಏಳನ್ನೂ ತೊಟ್ಟಿಲಿಗೆ ಹಾಕಿದೆವು. ಆರಕ್ಕೆ ಹಸಿರು.

ಏನು ಮಾಡಿದರೂ ಆರು ಆರೇ. ಸದ್ದಿನ ಮಟ್ಟ ಏರಿಸಿದರೆ ಒಳ್ಳೆಯದಕ್ಕೂ ಕೆಂಪು, ಇಳಿಸಿದರೆ ಹಸಿಯದಕ್ಕೂ ಹಸಿರು. ಕುಗ್ಗಿ ಒಣಗಿದ ಕೊಳೆತ ತಿರುಳೂ ಕರಟಕ್ಕೆ ಟಕ್ ಎಂದೇ ಬಡಿಯುತ್ತಿತ್ತು. ಹಾಗಾದರೆ ತಾತನ ಕಿವಿಗೆ ವ್ಯತ್ಯಾಸ ಕೇಳುವುದಾದರೂ ಎಲ್ಲಿ?

ಪರೀಕ್ಷೆಗೆ ನಾಲ್ಕು ದಿನ ಇತ್ತು. ಮತ್ತೆ ಮಂಡಿಗೆ ಹೋದೆ. ತಾತ ಬೆನ್ನು ಮಾಡಿ ಕೂತು ಕಾಯಿ ಕುಲುಕುತ್ತಿದ್ದರು. ಹಿಂದಿನಿಂದ "ತಾತ" ಅಂದೆ. ತಿರುಗಲಿಲ್ಲ. ಅವತ್ತು ಬೈದದ್ದಕ್ಕೆ ಸಿಟ್ಟು ಎಂದುಕೊಂಡು ಇನ್ನೂ ಜೋರಾಗಿ ಕರೆದೆ. ಅದೇ ಹೊತ್ತಿಗೆ ಹಮಾಲಿಯೊಬ್ಬ ಕಬ್ಬಿಣದ ತಕ್ಕಡಿ ತಟ್ಟೆಯನ್ನು ತಾತನ ಹಿಂದೆಯೇ ಧಡಾರನೆ ಬೀಳಿಸಿದ. ನಾನು ಬೆಚ್ಚಿಬಿದ್ದೆ. ತಾತನ ಭುಜ ಕೂಡ ಅಲುಗಲಿಲ್ಲ. ಕಾಯಿ ಎರಡು ಬಲಕ್ಕೆ ಹೋದವು, ಒಂದು ಎಡಕ್ಕೆ ಹೋಯಿತು.

ಸುತ್ತಿಕೊಂಡು ಎದುರಿಗೆ ಹೋಗಿ ಕೂತೆ. ಶಬ್ದ ಮಾಡದೆ, ಬರೀ ತುಟಿ ಅಲುಗಿಸಿ ಕೇಳಿದೆ: "ಎಷ್ಟು ದಿನ ಆಯ್ತು ತಾತ?"

ತಾತ ಅತ್ತಿತ್ತ ನೋಡಿದರು. ಕೈಯಲ್ಲಿದ್ದ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡರು.

"ಮೂರು ವರ್ಸ ಆಯ್ತು. ಮೊದ್ಲು ಒಂದು ಕಿವಿ ಹೋಯ್ತು, ಆಮೇಲೆ ಇನ್ನೊಂದೂ ಹೋಯ್ತು. ಸಾವ್ಕಾರ್ರಿಗೆ ಹೇಳ್ಬ್ಯಾಡ ಕಣವ್ವ. ನಿನ್ ಕಾಲಿಗೆ ಬೀಳ್ತೀನಿ."

"ಮತ್ತೆ ಕಾಯಿ ಹೆಂಗೆ ನೋಡ್ತೀರಾ?"

ಅವರು ನನ್ನ ಎರಡು ಅಂಗೈಗಳನ್ನು ಹಿಡಿದು ಒಂದೊಂದರಲ್ಲಿ ಒಂದೊಂದು ಕಾಯಿ ಇಟ್ಟರು. ತಮ್ಮ ಕೈಯಿಂದ ನನ್ನ ಕೈ ಕುಲುಕಿಸಿದರು. "ಇದು ತಳ್ತದೆ ನೋಡು. ಒಂದು ಗಳಿಗೆ ಬುಟ್ಟು, ಒಳಗಿಂದ ಕೈನ ಹಿಂಗೆ ತಳ್ತದೆ. ಇದು ತಳ್ಳಾಕಿಲ್ಲ. ಬರೀ ಬಡೀತದೆ. ಇದು ಕೊಳ್ತಿರೋದು." ಹತ್ತು ಸಲ ಮಾಡಿದ ಮೇಲೆ ನನಗೂ ತಿಳಿಯಿತು. ಒಳ್ಳೆಯ ಉಂಡೆ ಭಾರವಾಗಿ ಬಂದು ಅಂಗೈಯನ್ನು ದೂಡುತ್ತಿತ್ತು. ಕೆಟ್ಟದ್ದಕ್ಕೆ ಆ ಭಾರವಿರಲಿಲ್ಲ.

ಯಂತ್ರ ಮಾಡಲು ಇಷ್ಟೊಂದು ಸಹಾಯ ಯಾಕೆ ಮಾಡಿದಿರಿ, ನಿಮಗೇ ಮುಳುವಲ್ಲವೇ ಎಂದು ಕೇಳಿದೆ. "ಅದು ನನ್ನ ಪಕ್ಕದಾಗೆ ಕೂತ್ಕತದೆ ಅಂದ್ಕೊಂಡೆ. ಅದ್ಕೆ ಕಿವಿ, ನಂಗೆ ಕೈ. ನನ್ ಕಿವಿ ಇಚಾರ ಯಾರೂ ಕೇಳಾಕಿಲ್ಲ ಅಂದ್ಕೊಂಡೆ," ಅಂದರು. ನನಗೆ ಸಾಹುಕಾರರ ಮಾತು, ತಾತಾನೂ ಇನ್ ಮನೇಲಿ ಸುಖವಾಗಿರ್ಲಿ ಅಂದದ್ದು, ಅವತ್ತು ತಲೆಗೆ ಹೋಗದಿದ್ದದ್ದು ಈಗ ಹೋಯಿತು. ಯಾರಿಗೂ ಹೇಳುವುದಿಲ್ಲ ಎಂದು ಕಾಯಿ ಮುಟ್ಟಿ ಮಾತು ಕೊಟ್ಟೆ.

ಸಾಹೇಬರಿಗೆ ಕೈ ವಿಷಯ ಮಾತ್ರ ಹೇಳಿದೆ, ಕಿವಿಯ ವಿಷಯ ಹೇಳಲಿಲ್ಲ. ಅವರು ಸುಮ್ಮನೆ ಕೇಳಿ, ಎದ್ದು ಹೋಗಿ ಯಂತ್ರದ ಮುಚ್ಚಳ ತೆಗೆದು ಆ ಚಿಕ್ಕ ಕಂಡೆನ್ಸರನ್ನು ಬೆರಳಲ್ಲಿ ತೋರಿಸಿದರು. "ತಾತ ಹೇಳೋ ಆ ತಳ್ಳೋದು ಇದೆಯಲ್ಲ, ಅದು ಕೆಳದನಿ. ಪೆಡಲ್ ಸದ್ದಿನ ಜೊತೆ ನಾವೇ ಕತ್ತರಿಸಿ ಬಿಸಾಕಿದೀವಿ." ಕಂಡೆನ್ಸರ್ ತೆಗೆದರೆ ಪೆಡಲಿನ ಗುಡುಗುಡು ಬರುತ್ತದೆ. ಪೆಡಲ್ ತೆಗೆದರೆ ತೊಟ್ಟಿಲೇ ಇಲ್ಲ. ಅಂದರೆ ವರ್ಷವಿಡೀ ಕಟ್ಟಿದ್ದನ್ನು ಬಿಚ್ಚಿ ಮೊದಲಿಂದ ಶುರು ಮಾಡಬೇಕು. ನಾಲ್ಕು ದಿನದಲ್ಲಿ ಆಗುವ ಕೆಲಸವಲ್ಲ. ದಿನ ಮುಂದೆ ಹಾಕಿ ಎಂದು ಸಾಹುಕಾರರಿಗೆ ಹೇಳಿಕಳಿಸಿದರೆ, ಎಲ್ಲರನ್ನೂ ಕರೆದಾಗಿದೆ ಎಂದು ಉತ್ತರ ಬಂತು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಅಂದರು ಸಾಹೇಬರು. "ಸೋಮವಾರದ ನೂರು ಕಾಯಿ ಮೂಟೆ ಕಟ್ಟೋದು ತಾತಾನೇ. ಕೆಟ್ಟದ್ದು ಬೀಳ್ದಂಗೆ ನೋಡ್ಕೊಳ್ಳಿ ಅಂತ ಅವ್ರಿಗೆ ಹೇಳಿದ್ರೆ ಮುಗೀತು. ನಾನೂರು ಕಾಯಿಗೆ ಮಾಡಿದ್ದಾರೆ, ಇನ್ನು ನೂರಕ್ಕೆ ಮಾಡ್ತಾರೆ. ಯಂತ್ರ ಗೆಲ್ಲತ್ತೆ. ಆಮೇಲೆ ನಿಧಾನಕ್ಕೆ ಸರಿ ಮಾಡೋಣ."

ನನಗೆ ಸಿಟ್ಟು ಬರಲಿಲ್ಲ. ಆಸೆಯೇ ಬಂತು. ಎರಡು ದಿನ ಆ ಆಸೆಯನ್ನು ಮಡಿಲಲ್ಲಿ ಕಟ್ಟಿಕೊಂಡು ಓಡಾಡಿದೆ. ನನಗೆ ಕಾಲೇಜಿಗೆ ಹೋಗುವ ದಾರಿ ಇಲ್ಲ, ಸಾಹೇಬರಿಗೆ ಅಂಗಡಿ ಇಲ್ಲ. ಆದರೆ ಹಾಗೆ ಗೆದ್ದರೆ ಸೋಲುವವರು ಯಾರು? ಕೆಟ್ಟ ಕಾಯಿ ಗೊತ್ತಾಗದ ಯಂತ್ರ ಮಂಡಿಯಲ್ಲಿ ಕೂರುತ್ತದೆ, ಕೆಟ್ಟ ಕಾಯಿ ಗೊತ್ತಾಗುವ ತಾತ ಮನೆಗೆ ಹೋಗುತ್ತಾರೆ. ಅದೂ ನಾನೇ ಕೇಳಿಕೊಂಡು ತಾತನ ಕೈಯಿಂದಲೇ ಮಾಡಿಸಿ. ಭಾನುವಾರ ಸಂಜೆ ಸಾಹೇಬರಿಗೆ ಹೇಳಿದೆ, ಆಗಲ್ಲ ಎಂದು. ಅವರು ಮೀಸೆ ಸವರಿಕೊಂಡು, "ನಿಮ್ಮ ಇಷ್ಟ," ಅಂದರು. ಅಷ್ಟೇ ಅಂದರು.

ಸೋಮವಾರ ಮಂಡಿಯ ಅಂಗಳದಲ್ಲಿ ಹತ್ತು ಹದಿನೈದು ಜನ ಸೇರಿದ್ದರು. ನಾನು ಮೊದಲೇ ಎದ್ದು ನಿಂತು, ಈ ಯಂತ್ರಕ್ಕೆ ಆದದ್ದು ಆಗದ್ದು ತಿಳಿಯುತ್ತದೆ, ಕೊಳೆತದ್ದು ತಿಳಿಯುವುದಿಲ್ಲ ಎಂದು ಹೇಳಿಬಿಟ್ಟೆ. ಗುಸುಗುಸು ಎದ್ದಿತು. ಸಾಹುಕಾರರ ಮುಖ ಗಂಟಾಯಿತು, ಆದರೂ ನಡೆಯಲಿ ಅಂದರು. ಸಾಹೇಬರು ತುಳಿದರು, ಹಸಿರು ಕೆಂಪು ಹೊತ್ತಿದವು. ಆಚೆ ತಾತ ಬಲಕ್ಕೆ, ಎಡಕ್ಕೆ, ಬೆನ್ನ ಹಿಂದಕ್ಕೆ ಹಾಕುತ್ತಾ ಹೋದರು. ಈ ಸಲ ಬೆನ್ನ ಹಿಂದಿನದ್ದನ್ನೇ ನಾನು ನೋಡುತ್ತಿದ್ದೆ. ಒಂಬತ್ತು.

ಒಡೆಯಲು ಕೂತರು. ಯಂತ್ರ ಹಸಿರು ತೋರಿಸಿದ ಮೊದಲನೇ ಕಾಯಿಯೇ ಕಪ್ಪಗೆ ಕೊಳೆತಿತ್ತು. ವಯಸ್ಸಾದ ವರ್ತಕರೊಬ್ಬರು ಕಾಫಿ ಲೋಟವನ್ನು ಕೆಳಗಿಟ್ಟು, ಶಲ್ಯ ಕೊಡವಿಕೊಂಡು ಎದ್ದು ಹೋದರು. ತಾತ ಹಿಂದಕ್ಕೆ ಹಾಕಿದ್ದ ಒಂಬತ್ತೂ ಕೆಟ್ಟವೇ. ಯಂತ್ರ ಅವುಗಳಲ್ಲಿ ಎಂಟಕ್ಕೆ ಹಸಿರು ತೋರಿಸಿತ್ತು.

"ಅಲ್ಲಾ ಮೇಡಂ," ಅಂದರು ಸಾಹುಕಾರರು. "ತಾತನ ಕಿವಿಗೆ ಕೇಳ್ಸತ್ತೆ, ಇಷ್ಟೆಲ್ಲ ವೈರ್ ಇಟ್ಕೊಂಡಿರೋ ನಿಮ್ಮ ಯಂತ್ರಕ್ಕೆ ಯಾಕೆ ಕೇಳ್ಸಲ್ಲ?"

ಉತ್ತರ ನನ್ನ ಬಾಯಲ್ಲೇ ಇತ್ತು. ಅವರು ಕೇಳಿಸಿಕೊಳ್ಳುವುದಿಲ್ಲ, ಕೈಯಲ್ಲಿ ಹಿಡಿದು ತಿಳಿಯುತ್ತಾರೆ, ಎರಡು ತಿಂಗಳು ಕೊಡಿ, ಅದನ್ನೂ ಯಂತ್ರಕ್ಕೆ ಕಲಿಸುತ್ತೇವೆ. ಇಷ್ಟು ಹೇಳಿದ್ದರೆ ಆ ಜನರಲ್ಲಿ ಅರ್ಧ ಜನವಾದರೂ ಕಾಯುತ್ತಿದ್ದರು. ಆದರೆ ಕೈ ಅಂದರೆ ಕಿವಿ ಏನಾಯಿತು ಎನ್ನುತ್ತಾರೆ. ಸಿಪ್ಪೆ ನೋಡಿ ಒಳಗನ್ನು ಅಳೆಯುವ ಜನ ಅವರು. ಸಾಹೇಬರು ಬಾಯಿ ತೆರೆದರು. ನಾನು ಅವರ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದೆ. ಅಂಗಳದ ಆಚೆಯಿಂದ ತಾತ ನನ್ನ ತುಟಿಯನ್ನೇ ನೋಡುತ್ತಿದ್ದರು. ಕೈಯಲ್ಲೊಂದು ಕಾಯಿ ಇತ್ತು, ಅದನ್ನು ಕುಲುಕುತ್ತಿರಲಿಲ್ಲ.

"ಗೊತ್ತಿಲ್ಲ," ಅಂದೆ.

ಯಾರೋ ನಕ್ಕರು. "ಹೋಗ್ಲಿ ಬುಡಿ, ನಮ್ ತಾತಾನೇ ಗಟ್ಟಿ" ಎಂದು ಸಾಹುಕಾರರು ತಾತನ ಬೆನ್ನು ತಟ್ಟಿದರು. ಯಂತ್ರವನ್ನು ಗೋಣಿ ಸುತ್ತಿ ಒಂದು ಲಾರಿಯಲ್ಲಿ ಹಾಕಿಕೊಂಡು ತುಮಕೂರಿಗೆ ತಂದೆವು. ಮಲ್ಲಸಂದ್ರದವರೆಗೆ ಸಾಹೇಬರು ಗೋಣಿಯ ಹಗ್ಗವನ್ನೇ ಬಿಗಿ ಮಾಡುತ್ತಾ ಕೂತಿದ್ದರು. ಆಮೇಲೆ, "ಗೊತ್ತಿದ್ದೂ ಗೊತ್ತಿಲ್ಲ ಅಂದ್ರಿ. ನನ್ನ ಬಾಯೀನೂ ಮುಚ್ಚಿಸಿದ್ರಿ. ಯಾಕೆ ಅಂತ ನನಗಾದ್ರೂ ಹೇಳ್ಬೋದಲ್ಲ ಟೀಚರಮ್ಮ? ನಾನೇನ್ ಹೊರಗಿನವ್ನಾ?" ಅಂದರು. ನನಗೆ ಅಳು ಬಂತು. ಹೇಳಲಿಲ್ಲ.

ಆಮೇಲಿನ ದಿನಗಳು ಕಷ್ಟದವು. ಸಾಹೇಬರು ಶೆಡ್ಡಿನ ಒಂದು ಮೂಲೆಯಲ್ಲಿ ಮತ್ತೆ ರೇಡಿಯೊ ರಿಪೇರಿಗೆ ಕೂತರು. ನಾನು ಇನ್ನೊಂದು ಮೂಲೆಯಲ್ಲಿ. ಒಂದು ಬೆಳಿಗ್ಗೆ ಸ್ಪ್ಯಾನರ್ ತೆಗೆದುಕೊಂಡು ತೊಟ್ಟಿಲನ್ನು ಬಿಚ್ಚಲು ಕೂತೆ. ಮರ, ಪೆಡಲ್, ಬೆಲ್ಟ್ ಎಲ್ಲ ಬೇರೆ ಬೇರೆ ಇಟ್ಟೆ. ಚರ್ಮದ ಪಟ್ಟಿಯೊಂದನ್ನು ಅಂಗೈಗೆ ಸುತ್ತುವಂತೆ ಹೊಲಿದು, ಅದರ ಮಧ್ಯೆ ಕ್ರಿಸ್ಟಲ್ ಕೂರಿಸಿದೆ. ಪೆಡಲ್ ಇಲ್ಲದ ಮೇಲೆ ಕೆಳದನಿ ಕತ್ತರಿಸುವ ಅಗತ್ಯವೇ ಇಲ್ಲ. ಕುಲುಕುವುದು ಮನುಷ್ಯರ ಕೈ, ಅಳೆಯುವುದು ಮೀಟರು. ಸಾಹೇಬರು ದೂರದಿಂದ ಎರಡು ದಿನ ನೋಡಿ, ಮೂರನೇ ದಿನ ಎದ್ದು ಬಂದು, "ಈ ಸಾಲ್ಡರ್ ಏನ್ರಿ ಹಿಂಗಿದೆ, ಕೊಡಿ ಇಲ್ಲಿ," ಎಂದು ಕಿತ್ತುಕೊಂಡರು. ಒಳ್ಳೆಯ ಕಾಯಿಗೆ ಸೂಜಿ ನಿಧಾನವಾಗಿ ತೂಗಿ ಏಳುತ್ತಿತ್ತು. ಕೆಟ್ಟದ್ದಕ್ಕೆ ಏನಾಗುತ್ತದೆ ಎಂದು ನೋಡಲು ಕೆಟ್ಟ ಕಾಯಿ ಇರಲಿಲ್ಲ. ಕುಣಿಗಲ್ಲಿನ ಏಳು ಅಷ್ಟು ಹೊತ್ತಿಗೆ ಒಡೆದು ಮುಗಿದಿದ್ದವು.

ಎರಡು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಶೆಡ್ಡಿನ ಮುಂದೆ ಯಾರೋ ಕೆಮ್ಮಿದರು. ತಾತ. ಪಕ್ಕದಲ್ಲಿ ದೊಡ್ಡದೊಂದು ಮೂಟೆ. ಒಳಗೆ ಬನ್ನಿ ಎಂದು ಕರೆದರೂ ಹೊಸ್ತಿಲು ದಾಟಲಿಲ್ಲ.

"ಕೆಟ್ಟ ಕಾಯಿ," ಅಂದರು. "ಎಲ್ಲಾ ಕೆಟ್ಟವೇ. ಒಂದೂ ಒಳ್ಳೇದಿಲ್ಲ. ಅವತ್ತಿಂದ ಬೆನ್ ಹಿಂದಕ್ ಹಾಕಿದ್ನೆಲ್ಲ ಕೂಡಿಟ್ಟಿದ್ದೆ. ರೈಲಲ್ಲಿ ನಿಮ್ಮನೆಯವ್ರೇ ಹಾಕ್ಕೊಟ್ರು."

"ಇವತ್ತು ಮಂಡಿ ಇಲ್ವಾ ತಾತ?"

"ಸಾವ್ಕಾರ್ರಿಗೆ ನಾನೇ ಹೇಳ್ಬುಟ್ಟೆ ಕಣವ್ವ. ಕಿವಿ ಇಲ್ಲ ಅಂತ. ನೀನು ಅವತ್ತು ಅಷ್ಟು ಜನದ ಮುಂದೆ ಗೊತ್ತಿಲ್ಲ ಅಂದು ನಿಂತ್ಕೊಂಡೆ. ಆಮೇಲೆ ಕಾಯಿ ಹಿಡ್ದಾಗೆಲ್ಲ ನಿನ್ ಮೊಕಾನೇ ಕಾಣೋದು." ಬಾಯಿ ಒರೆಸಿಕೊಂಡರು. "ಸಾವ್ಕಾರ್ರು ಬೈಲಿಲ್ಲ. ಒಂದು ಪಂಚೆ ಕೊಟ್ಟು, ಎಲೆ ಅಡಿಕೆ ಇಟ್ಟು, ಮನೇಲಿರು ತಾತ ಅಂದ್ರು. ನಂಗೆ ಪಂಚೆ ಬ್ಯಾಡ, ಈ ಮೂಟೆ ಕೊಡಿ ಅಂದೆ. ನಕ್ಕೊಂಡು ಎರಡೂ ಕೊಟ್ರು."

ಏನನ್ನು ಉಳಿಸಲು ಸುಮ್ಮನಿದ್ದೆನೋ ಅದೇ ಹೋಗಿತ್ತು, ನನ್ನ ಸುಮ್ಮನಿರುವಿಕೆಯಿಂದಲೇ. ಹಿಂದೆ ನಿಂತಿದ್ದ ಸಾಹೇಬರ ಕಡೆ ತಿರುಗಿದೆ. ಅವರು ನನ್ನನ್ನು ನೋಡಿದರು, ತಾತನನ್ನು ನೋಡಿದರು. ನಾನು ಏನೂ ಹೇಳಬೇಕಾಗಲಿಲ್ಲ. ಮುಂದೆ ಬಂದು ಮೂಟೆಗೆ ಕೈ ಹಾಕಿ, "ನನ್ನ ಕೈಲಿ ಕೊಡಿ ತಾತ, ನನಗೆ ಇದರಲ್ಲಿ ದೋಷ ಇಲ್ಲ. ನಾನು ಒಳಗೆ ತರ್ತೀನಿ," ಅಂದರು. ತಾತ ಅವರ ಮೀಸೆಯನ್ನು ನೋಡಿ, ಎಂದಿನಂತೆ ನನ್ನ ಕಡೆ ತಿರುಗಿ, "ಸಾಬ್ರು ಏನಂದ್ರವ್ವ?" ಅಂದರು.

ಸಾಹೇಬರು ಮೂಟೆ ಹೊತ್ತು ಒಳಗೆ ಹೋದರು. ಹಿಂದೆ ತಾತ ಬಂದರು. ತಾತನ ಅಂಗೈಗೆ ನಾನು ಪಟ್ಟಿ ಕಟ್ಟಿದೆ. ಮೊದಲ ಕಾಯಿ ಕುಲುಕಿದರು. ಟಕ್ ಎಂದು ಒಂದು ಸಲ ಸೂಜಿ ಹಾರಿತು, ಅಷ್ಟೇ. ತೂಗಿ ಏಳಲೇ ಇಲ್ಲ. ಎರಡನೆಯದೂ ಹಾಗೆಯೇ. ಇಪ್ಪತ್ತು, ಮೂವತ್ತು, ಅರವತ್ತು. ಒಂದಕ್ಕೂ ಸೂಜಿ ತಪ್ಪು ಹೇಳಲಿಲ್ಲ. ತಾತ ಸೂಜಿಯನ್ನು ನೋಡುತ್ತಾ, "ಇದ್ಕೂ ಕೈ ಬಂತಲ್ಲವ್ವ," ಅಂದರು. ನಾನು ಹೊಸ್ತಿಲ ಮೇಲೆಯೇ ಒಂದನ್ನು ಒಡೆದೆ. ವಾಸನೆ ಶೆಡ್ ತುಂಬಿತು. ನಮ್ಮ ಕಂಪನಿ ನಿಜವಾಗಿ ಶುರುವಾದದ್ದು ಆ ಕೆಟ್ಟ ಕಾಯಿಯಿಂದ. ಗುಬ್ಬಿಯ ಆ ಮಂಡಿ ಮಾತ್ರ ನಮ್ಮ ಯಂತ್ರವನ್ನು ಕೊನೆಯವರೆಗೂ ಕೊಳ್ಳಲಿಲ್ಲ.

ಮಾರನೆಯ ದಿನ ತಾತ ಒಂಬತ್ತು ಗಂಟೆಗೇ ಬಂದು ಕೂತಿದ್ದರು. ಇನ್ನು ಮುಂದೆ ದಿನಾ ಬರುವುದು ಎಂದು ಹಿಂದಿನ ದಿನವೇ ಮಾತಾಗಿತ್ತು. ಸಾಹೇಬರು ಸ್ವಲ್ಪ ತಡವಾಗಿ ಬಂದರು. ಬಾಗಿಲಲ್ಲಿ ಅವರನ್ನು ನೋಡಿ ಯಾರೋ ಗಿರಾಕಿ ಅಂದುಕೊಂಡೆ. ಮೀಸೆ ಇರಲಿಲ್ಲ. ಇಷ್ಟು ವರ್ಷ ಬಿಸಿಲು ಕಾಣದ ಮೇಲ್ತುಟಿ ಬೆಳ್ಳಗೆ ಹಸುಗೂಸಿನ ತುಟಿಯಂತೆ ಕಾಣುತ್ತಿತ್ತು. ನನ್ನ ಕಡೆ ನೋಡದೆ ಸೀದಾ ಹೋಗಿ ತಾತನ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ನಿಧಾನವಾಗಿ, "ಚಹಾ ಕುಡಿದ್ರಾ ತಾತ?" ಎಂದು ಕೇಳಿದರು.

ತಾತ ಅವರ ಬಾಯಿಯನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ, ಅವರಿಗೇ ಹೇಳಿದರು: "ಇನ್ನೂ ಇಲ್ಲ ಸಾಬ್ರೇ. ತರ್ಸಿ."